ಹೆಪ್ಪುಗಟ್ಟಿದ ಎಣ್ಣೆ, ಬಿರಿದ ಹಿಮ್ಮಡಿ

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ. ಮನಗೂಳಿಯ ಮನೆಗಳಲ್ಲಿ ಗೌರಿ ಹುಣ್ಣಿಮೆ ದಾಟಿತೆಂದರೆ ಬೆಳಗಿನ ಹೊತ್ತು ಬಾಟಲಿಯೊಳಗಿನ ಎಣ್ಣೆ ಬಿಳಿ ಗಡ್ಡೆಯಾಗಿ ಕೂತಿರುತ್ತದೆ. ತಲೆಗೆ ಹಚ್ಚಿಕೊಳ್ಳಬೇಕೆಂದರೆ ಒಲೆಯ ಕಟ್ಟೆಯ ಮೇಲೋ ಅಂಗಳದ ಬಿಸಿಲಿಗೋ ಇಡಬೇಕು. ಮಧ್ಯಾಹ್ನದ ಹೊತ್ತಿಗೆ ಅದೇ ಎಣ್ಣೆ ಯಾರೂ ಮುಟ್ಟದೆ ತಾನೇ ಕರಗಿರುತ್ತದೆ. ವಿಜಯಪುರ ಜಿಲ್ಲೆಯ ಚಳಿ ಇಂಥದ್ದು. ಡಿಸೆಂಬರ್, ಜನವರಿಯ ನಸುಕಿನಲ್ಲಿ ಪಾದರಸ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಕೆಲವು ವರ್ಷ ಅದಕ್ಕೂ ಕೆಳಗೆ. ಅದೇ ದಿನ ಮಧ್ಯಾಹ್ನ ಮೂವತ್ತರ ಹತ್ತಿರ ಏರಿ ನಿಲ್ಲುತ್ತದೆ. ಮಲೆನಾಡಿನ ಹಾಗೆ ಜಿಟಿಜಿಟಿ ಇಲ್ಲ, ದಿಲ್ಲಿಯ ಹಾಗೆ ದಿನವಿಡೀ ಕವಿದ ಮಂಜಿಲ್ಲ. ಇರುವುದು ಮೂಡಣದಿಂದ ಬೀಸುವ ಒಣ ಗಾಳಿ, ಎರೆಭೂಮಿಯ ಸಣ್ಣ ಧೂಳು, ತಿಳಿ ಆಕಾಶ, ಚುರುಕು ಬಿಸಿಲು.

ಪ್ರತಿ ನವೆಂಬರಿನಲ್ಲಿ ಪತ್ರಿಕೆಗಳ ಸೌಂದರ್ಯ ಪುಟಗಳು ಚಳಿಗಾಲದ ಉಡುಗೆ ತೊಡುಗೆಯ ಬಗ್ಗೆ ಬರೆಯುತ್ತವೆ. ಉದ್ದ ಕೋಟು, ಬೂಟು, ಕೊರಳಿಗೆ ಸುತ್ತುವ ಉಣ್ಣೆಯ ಪಟ್ಟಿ. ಅವೆಲ್ಲ ಶಿಮ್ಲಾಕ್ಕೆ ಒಪ್ಪುವ ಮಾತು. ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದ ಸೀಮೆಯಲ್ಲಿ ಉದ್ದ ಕೋಟು ಹಾಕಿಕೊಂಡವನು ಹನ್ನೊಂದು ಗಂಟೆಗೆ ಬೆವರಿ ಅದನ್ನು ಹೆಗಲ ಮೇಲೆ ಹೊತ್ತು ತಿರುಗಬೇಕಾಗುತ್ತದೆ. ಇಲ್ಲಿ ಠಾಕುಠೀಕಾಗಿ ಕಾಣುವುದಕ್ಕೆ ಅಡ್ಡಿಯಾಗುವುದು ಚಳಿಗಿಂತ ಹೆಚ್ಚಾಗಿ ಶುಷ್ಕತೆ. ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡುವ ಮೊಣಕೈ, ಬೂದಿ ಬಡಿದಂತಾದ ಮೊಳಕಾಲು, ಒಡೆದ ತುಟಿ, ಬಿರಿದ ಹಿಮ್ಮಡಿ, ಹೊಟ್ಟೆದ್ದ ತಲೆ. ಈ ಊರಿನ ಚಳಿಗಾಲವೆಂದರೆ ಇದು. ಇದಕ್ಕೆ ಹಿರಿಯರು ಏನು ಮಾಡುತ್ತಿದ್ದರು, ಅಂಗಡಿಗಳು ಏನು ಮಾರುತ್ತವೆ, ಚರ್ಮದ ವಿಜ್ಞಾನ ಏನು ಹೇಳುತ್ತದೆ ಎಂದು ಮೂರನ್ನೂ ಎದುರುಬದುರು ಇಟ್ಟು ನೋಡಿದರೆ ಕೆಲವು ಕಡೆ ಅಜ್ಜಿಯೇ ಸರಿ, ಕೆಲವು ಕಡೆ ಅಜ್ಜಿಯೂ ತಪ್ಪು.

ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ. ಅವುಗಳ ನಡುವೆ ಕೊಬ್ಬಿನಂಶದ ಗಾರೆ ತುಂಬಿಕೊಂಡು ಒಳಗಿನ ನೀರು ಹೊರಗೆ ಹಾರದಂತೆ ತಡೆಯುತ್ತದೆ. ಗಾಳಿ ಒಣಗಿದಷ್ಟೂ ನೀರು ಹೆಚ್ಚು ಹಾರುತ್ತದೆ. ಗಾರೆ ತೊಳೆದುಹೋದರೆ ಇನ್ನೂ ಹೆಚ್ಚು. ಗಾಳಿಯನ್ನು ನಾವು ಬದಲಿಸಲಾರೆವು. ಗಾರೆಯನ್ನು ತೊಳೆಯುವವರು ಮಾತ್ರ ನಾವೇ, ಅದೂ ದಿನಾ ಬೆಳಗ್ಗೆ ಬಚ್ಚಲಲ್ಲಿ.

ಚಳಿಗಾಲದ ಜಳಕ ಈ ಕಡೆ ಒಂದು ಸುಖ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಒಟ್ಟಿ ಹಂಡೆಯ ಬುಡಕ್ಕೆ ಬೆಂಕಿ ಹಾಕಿದರೆ ಅರ್ಧ ತಾಸಿನಲ್ಲಿ ನೀರು ಮರಳುತ್ತದೆ. ಈಗ ಎಷ್ಟೋ ಮನೆಗೆ ಸೋಲಾರ್, ಗೀಸರ್ ಬಂದಿವೆ. ಉಳಿದವರು ಬಕೆಟ್ಟಿಗೆ ಕಾಯಿಲ್ ಇಳಿಬಿಡುತ್ತಾರೆ. ಯಾವುದರಿಂದ ಕಾಸಿದರೂ ಮೈ ಕೆಂಪಾಗುವಷ್ಟು ಸುಡುನೀರು ಬಿದ್ದರೇನೇ ಎರಕೊಂಡಂತೆ ಎಂಬ ನಂಬಿಕೆ ಹೋಗಿಲ್ಲ. ಆ ಸುಡುನೀರು ಜಿಡ್ಡಿನ ಪಾತ್ರೆಯನ್ನು ತೊಳೆದ ಹಾಗೆ ಚರ್ಮದ ಗಾರೆಯನ್ನೂ ತೊಳೆದುಬಿಡುತ್ತದೆ. ಅದರ ಮೇಲೆ ಸಾಬೂನು. ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು, ಪಿಎಚ್ ಸುಮಾರು 5. ಮಾಮೂಲು ಸಾಬೂನಿನದು 9ರಿಂದ 10. ಎರಡು ಸಲ ಸಾಬೂನು ಉಜ್ಜಿ, ಒರಟು ಟವೆಲ್ಲಿನಿಂದ ಬಸಬಸ ಒರೆಸಿ ಹೊರಬಂದರೆ ಅರ್ಧ ಗಂಟೆಯೊಳಗೆ ಮೈ ಬಿಗಿದು ಕೆರೆತ ಶುರುವಾಗುತ್ತದೆ. ಅದನ್ನು ಚಳಿಯ ತಪ್ಪು ಎಂದುಕೊಳ್ಳುತ್ತೇವೆ.

ಇಲ್ಲಿನ ನೀರಿನದೂ ಪಾಲಿದೆ. ಈ ಸೀಮೆಯ ಬಾವಿ, ಕೊಳವೆಬಾವಿಗಳದು ಬಹುಪಾಲು ಗಡಸು ನೀರು. ಡೋಣಿ ನದಿಯ ದಂಡೆ ಕಾಳಿಗೆ ಹೆಸರಾದದ್ದು, ನೀರು ಮಾತ್ರ ಉಪ್ಪು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಕೂಡಿ ಕರಗದ ಕೆನೆಯಾಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತುವ ಬೂದುಬಣ್ಣದ ಜಿಡ್ಡು ಅದೇ. ಅದೇ ಜಿಡ್ಡು ಮೈಮೇಲೂ ಕೂದಲ ಮೇಲೂ ಉಳಿಯುತ್ತದೆ. ಸಬಕಾರಕ್ಕೆ ನೊರೆ ಬರುವುದಿಲ್ಲವೆಂದು ಇನ್ನಷ್ಟು ಉಜ್ಜುತ್ತೇವೆ, ಇನ್ನಷ್ಟು ಉಳಿಯುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2016ರಲ್ಲಿ ಮೂರು ತಿಂಗಳ ಸುಮಾರು 1300 ಕೂಸುಗಳನ್ನು ಪರೀಕ್ಷಿಸಿ, ಗಡಸು ನೀರಿನ ಪ್ರದೇಶಗಳಲ್ಲಿ ಎಸ್ಜಿಮಾ ಹೆಚ್ಚು ಎಂದು ತೋರಿಸಿದರು. ಹಾಗಾದರೆ ನೀರು ಮೆದುಗೊಳಿಸುವ ಯಂತ್ರ ಕೂರಿಸಿದರೆ ಸಾಕಲ್ಲ ಎಂದರೆ ಅದಕ್ಕೂ ಉತ್ತರವಿದೆ. 2011ರಲ್ಲಿ ಇಂಗ್ಲೆಂಡಿನಲ್ಲೇ ಎಸ್ಜಿಮಾ ಇದ್ದ 336 ಮಕ್ಕಳ ಮನೆಗಳಲ್ಲಿ ಆ ಪ್ರಯೋಗ ನಡೆದಿತ್ತು. ಯಂತ್ರದಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆಲಮಟ್ಟಿಯ ಕೃಷ್ಣೆಯ ನೀರು ನಳದಲ್ಲಿ ಬರುವ ಊರಿನವರು ಕುಡಿಯಲಿಕ್ಕೆ ಹಿಡಿದಿಟ್ಟದ್ದರಲ್ಲಿ ಕೊನೆಯ ಒಂದು ತಂಬಿಗೆಯನ್ನು ಮುಖಕ್ಕೂ ತಲೆಗೂ ಬಳಸಿಕೊಳ್ಳಬಹುದು. ಖರ್ಚಿಲ್ಲದ ಉಪಾಯ. ಯಂತ್ರದ ಮಾತು ಬಿಡಿ.

ಇಲ್ಲಿ ಅಜ್ಜಿ ಗೆಲ್ಲುವುದು ಸೀಗೆಕಾಯಿ, ಅಂಟುವಾಳದಲ್ಲಿ. ಇವುಗಳ ನೊರೆ ಸಪೋನಿನ್ ಎಂಬ ವಸ್ತುವಿನದು. ಗಡಸು ನೀರಿನಲ್ಲಿ ಅದು ಸಾಬೂನಿನ ಹಾಗೆ ಕೆನೆಗಟ್ಟುವುದಿಲ್ಲ. ಬಾವಿ ನೀರಿನ ಊರುಗಳಲ್ಲಿ ತಲೆಮಾರುಗಳ ಕಾಲ ಹೆಣ್ಣುಮಕ್ಕಳ ಕೂದಲು ಜಿಡ್ಡುಗಟ್ಟದೆ ಉಳಿದದ್ದರಲ್ಲಿ ಈ ರಸಾಯನದ ಪಾಲೂ ಇದೆ. ಮೈಗೆ ಕಡಲೆಹಿಟ್ಟು, ಹೆಸರುಹಿಟ್ಟು ಹಚ್ಚುವುದೂ ಇದೇ ಜಾತಿಯ ಜಾಣತನ: ಜಿಡ್ಡನ್ನು ಪೂರ್ತಿ ಕಿತ್ತುಹಾಕದೆ ಹೆಚ್ಚಿನದನ್ನಷ್ಟೇ ಹೀರುತ್ತದೆ. ಸಾಬೂನೇ ಬೇಕೆನ್ನುವವರು ಕಂಕುಳು, ತೊಡೆಸಂದು, ಪಾದಕ್ಕೆ ಹಚ್ಚಿಕೊಂಡು ಉಳಿದ ಮೈಗೆ ನೀರಷ್ಟೇ ಹಾಕಿದರೆ ಚಳಿಗಾಲದಲ್ಲಿ ಯಾರೂ ಕೊಳಕಾಗುವುದಿಲ್ಲ. ಯಾವ ಸಾಬೂನು ಎಂಬ ಪ್ರಶ್ನೆಗೆ ಪೊಟ್ಟಣದ ಹಿಂದೆ ಟಿಎಫ್ಎಂ ಎಂದು ಬರೆದ ಅಂಕಿ ನೋಡಬಹುದು. 76ಕ್ಕೆ ಕಡಿಮೆಯಿಲ್ಲದ್ದು ಮೊದಲ ದರ್ಜೆ. 1918ರಿಂದ ತಯಾರಾಗುತ್ತಿರುವ ನಮ್ಮದೇ ಮೈಸೂರು ಸ್ಯಾಂಡಲ್ ಆ ದರ್ಜೆಯದು. ಅದನ್ನು ರೂಪಿಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಜನ ಸೋಪ್ ಶಾಸ್ತ್ರಿ ಎಂದೇ ಕರೆದರು. ಆದರೆ ಮೊದಲ ದರ್ಜೆಯ ಸಾಬೂನೂ ಸಾಬೂನೇ. ಎರಡು ಸಲ ಉಜ್ಜಿದರೆ ಅದೂ ಒಣಗಿಸುತ್ತದೆ.

ಎಣ್ಣೆಯ ವಿಚಾರ ಇನ್ನೂ ಹಳೆಯದು. ಇದೇ ನೆಲವನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ಪಾದುಕೆ, ವಿಲೇಪನ, ವಸ್ತ್ರ, ಮಾಲೆ, ಆಭರಣಗಳಿಗೆ ಒಂದೊಂದು ಪ್ರಕರಣವೇ ಇದೆ. ರಾಜ ಚಂದ ಕಾಣುವುದು ರಾಜ್ಯದ ಕೆಲಸಗಳಲ್ಲಿ ಒಂದು ಎಂಬಂತೆ ಅವನು ಬರೆಯುತ್ತಾನೆ. ನಾಲ್ಕೈದು ಶತಮಾನದ ಮೇಲೆ ವಿಜಯಪುರದಲ್ಲಿ ಇಬ್ರಾಹಿಂ ಆದಿಲ್‌ಶಾಹಿ ಎರಡನೆಯವನ ಕಾಲಕ್ಕೆ ಸುಗಂಧಗಳ ಮೇಲೆಯೇ ‘ಇತ್ರ್-ಇ-ನೌರಸ್‌ಶಾಹಿ’ ಎಂಬ ಗ್ರಂಥ ಹುಟ್ಟಿತು. ವಾಗ್ಭಟನ ‘ಅಷ್ಟಾಂಗಹೃದಯ’ದ ಹೇಮಂತ ಋತುಚರ್ಯೆಯಲ್ಲಿ ಎಣ್ಣೆಸ್ನಾನ, ಉಣ್ಣೆಯ ಹೊದಿಕೆ, ಎಳೆಬಿಸಿಲು ಎಲ್ಲ ಬರುತ್ತವೆ. ಅರಮನೆಯ ವಿಲೇಪನ ಬಡವರ ಮನೆಗೆ ಬರಲಿಲ್ಲ, ಎಣ್ಣೆ ಬಂತು. ನರಕ ಚತುರ್ದಶಿಗೆ ಎಣ್ಣೆ ಹಚ್ಚಿ ಎರೆಯುವುದು, ಸಂಕ್ರಾಂತಿಗೆ ಎಳ್ಳು ಅರಿಶಿನ ಅರೆದು ಮೈಗೆ ತಿಕ್ಕಿಕೊಂಡು ಹೊಳೆಗೆ ಹೋಗುವುದು. ಚಳಿಗಾಲದ ಎರಡೂ ತುದಿಗೆ ಎಣ್ಣೆಯ ಹಬ್ಬ.

ಎಲ್ಲ ಎಣ್ಣೆಯೂ ಒಂದೇ ಅಲ್ಲವೆಂಬುದು ಈಚಿನ ತಿಳಿವಳಿಕೆ. ಚರ್ಮದ ಗಾರೆಗೆ ಬೇಕಾದ ಲಿನೋಲಿಕ್ ಆಮ್ಲ ಹೆಚ್ಚಿರುವ ಎಣ್ಣೆ ಒಳ್ಳೆಯದು, ಓಲಿಯಿಕ್ ಆಮ್ಲ ಹೆಚ್ಚಿರುವುದು ಗಾರೆಯನ್ನು ಸಡಿಲಿಸುತ್ತದೆ. ಬ್ರಿಟನ್ನಿನ ಶೆಫೀಲ್ಡ್‌ನಲ್ಲಿ 2013ರ ಒಂದು ಅಧ್ಯಯನ ಆಲಿವ್ ಎಣ್ಣೆಯಿಂದ ಚರ್ಮದ ತಡೆ ಕೆಡುವುದನ್ನೂ ಸೂರ್ಯಕಾಂತಿ ಎಣ್ಣೆಯಿಂದ ಹಾಗಾಗದಿರುವುದನ್ನೂ ಕಂಡಿತು. ಢಾಕಾದ ಮಕ್ಕಳ ಆಸ್ಪತ್ರೆಯೊಂದರಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಆಸ್ಪತ್ರೆಯ ಸೋಂಕು ಶೇ. 41ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ವರದಿಯಾಯಿತು. ಇಷ್ಟು ಓದಿದ ಮೇಲೆ ಮನಗೂಳಿಯ ಸಂತೆಯಲ್ಲಿ ‘ಬೇಬಿ ಮಸಾಜ್’ ಎಂಬ ಚೀಟಿ ಅಂಟಿಸಿಕೊಂಡ ಪರದೇಶದ ಆಲಿವ್ ಎಣ್ಣೆಯ ಬಾಟಲಿ ನೋಡಿದರೆ ನಗು ಬರುತ್ತದೆ. ನಮ್ಮ ಎರೆಹೊಲದ ಕುಸುಬೆಯ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲವೇ ನೂರಕ್ಕೆ ಎಪ್ಪತ್ತರ ಮೇಲೆ. ಸೂರ್ಯಕಾಂತಿಗಿಂತಲೂ ಒಂದು ಕೈ ಮುಂದು. ಕುಸುಬೆ ಬಿತ್ತುವವರು ಕಡಿಮೆಯಾದರು, ಗಾಣ ನಿಂತವು. ಆದರೂ ಕೇಳಿದರೆ ಸಿಗುತ್ತದೆ. ಕೊಬ್ಬರಿ ಎಣ್ಣೆಯೂ ಕೆಟ್ಟದ್ದಲ್ಲ. ಒಣ ಚರ್ಮದವರ ಮೇಲೆ ಫಿಲಿಪ್ಪೀನ್ಸಿನಲ್ಲಿ 2004ರಲ್ಲಿ ಮಾಡಿದ ಹೋಲಿಕೆಯಲ್ಲಿ ಅದು ಖನಿಜ ತೈಲಕ್ಕೆ ಸರಿಸಮ ನಿಂತಿತು.

ಹಚ್ಚುವ ಹೊತ್ತಿನ ವಿಚಾರದಲ್ಲಿ ಮಾತ್ರ ನಮ್ಮ ಪದ್ಧತಿ ತಿರುಗಮುರುಗ. ಎಣ್ಣೆ ಮೊದಲು ಹಚ್ಚಿ, ಆಮೇಲೆ ಸುಡುನೀರು ಸಾಬೂನಿನಲ್ಲಿ ಅದನ್ನೆಲ್ಲ ತೊಳೆದುಬಿಡುತ್ತೇವೆ. ಜಳಕದ ನಂತರ ನೀರಿನ ಪಸೆ ಇರುವಾಗಲೇ ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ಸವರಿದರೆ ಆ ಪಸೆ ಒಳಗೇ ಉಳಿಯುತ್ತದೆ. ಬಟ್ಟೆಗೆ ಜಿಡ್ಡು ಹತ್ತುತ್ತದೆಂಬ ಹೆದರಿಕೆ ಇರುವವರಿಗೆ ಗ್ಲಿಸರಿನ್ ಬೆರೆಸಿದ ನೀರು ಇದೆ.

ಅಂಗಡಿಯ ಡಬ್ಬಿಗಳ ಕಥೆ ಬೇರೆ. ನಮ್ಮ ಕಡೆ ಅಲಂಕಾರಕ್ಕೆ ಸ್ನೋ ಪಾವಡರ್ ಎಂದೇ ಹೆಸರು. 1919ರಲ್ಲಿ ಮುಂಬೈಯಿಂದ ಬಂದ ಅಫ್ಘಾನ್ ಸ್ನೋ ಆ ಮಾತನ್ನು ಮನೆಮನೆಗೆ ಮುಟ್ಟಿಸಿದವುಗಳಲ್ಲಿ ಒಂದು. ಹತ್ತು ವರ್ಷದ ಮೇಲೆ, 1929ರಲ್ಲಿ, ಕಲ್ಕತ್ತೆಯ ಗೌರಮೋಹನ ದತ್ತರು ಸ್ವದೇಶಿ ಹಟದಿಂದ ಹಸಿರು ಕೊಳವೆಯ ಬೋರೋಲೀನ್ ಮಾಡಿದರು. ಎರಡರ ಗುಣ ಬೇರೆ. ಸ್ನೋ ಮುಖದ ಮೇಲೆ ತೆಳುವಾಗಿ ಮಾಯವಾಗುವಂಥದ್ದು, ಬೇಸಿಗೆಗೆ ಚಂದ. ಬೋರೋಲೀನ್ ದಪ್ಪ, ಜಿಡ್ಡು, ಚಳಿಗೆ ಚಂದ. ಒಣಗಿದ ಮುಖಕ್ಕೆ ಸ್ನೋ ಹಚ್ಚಿ ಮೇಲೆ ಪೌಡರು ಬಡಿದುಕೊಂಡರೆ ಪೌಡರು ಇದ್ದ ಪಸೆಯನ್ನೂ ಹೀರಿ, ಮದುವೆಯ ಫೋಟೋದಲ್ಲಿ ಮುಖ ಸುಣ್ಣದ ಗೋಡೆಯಾಗುತ್ತದೆ. ತುಳಸಿ ಲಗ್ನದ ನಂತರದ ಮದುವೆಗಳ ಆಲ್ಬಮ್ಮು ತೆರೆದರೆ ಇಂಥ ಮುಖಗಳಿಗೆ ಬರವಿಲ್ಲ. ಅಗ್ಗವಾಗಿಯೂ ಹೆಚ್ಚು ಕೆಲಸಕ್ಕೂ ಬರುವುದು ಮಾತ್ರ 1872ರಲ್ಲಿ ರಾಬರ್ಟ್ ಚೀಸ್‌ಬ್ರೋ ಪೇಟೆಂಟ್ ಪಡೆದ ವ್ಯಾಸಲೀನ್. ವಾಸನೆ, ಬಣ್ಣ, ಹೊಳಪಿನ ಮಾತು ಏನೂ ಇಲ್ಲ. ಚರ್ಮದಿಂದ ನೀರು ಹಾರುವುದನ್ನು ಅದರಷ್ಟು ತಡೆಯುವ ವಸ್ತು ಇನ್ನೊಂದು ಸಿಗುವುದು ಕಷ್ಟ. ತುಟಿಗೂ ಅದೇ, ನಾಲಿಗೆಯಿಂದ ಸವರಿಕೊಳ್ಳುವ ಚಟ ಬಿಟ್ಟರೆ.

ಚಳಿಗೆ ಮುಖ ಕಪ್ಪಿಟ್ಟಿತೆಂದು ಬೆಳ್ಳಗಾಗುವ ಮುಲಾಮು ಹುಡುಕುವವರ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನೊಳಗಿನ ಫೇರ್ ತೆಗೆದು ಗ್ಲೋ ಹಾಕಿಕೊಂಡಿತು. ನಮ್ಮ ಆಸೆ ಬದಲಾಗಲಿಲ್ಲ. ಅದಕ್ಕಿಂತ ಅಪಾಯದವು ಔಷಧಿ ಅಂಗಡಿಯ ಸಣ್ಣ ಕೊಳವೆಗಳು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅವು ಸ್ಟಿರಾಯ್ಡ್. ವಾರದಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಬಿಟ್ಟ ಕೂಡಲೇ ಮುಖ ಉರಿಯುತ್ತದೆ. ಗಜಕರ್ಣಕ್ಕೆ ಹಚ್ಚಿದರಂತೂ ಅದು ಮೈತುಂಬ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಪಟ್ಟಿ ದಿಲ್ಲಿಯಲ್ಲಿದೆ, ಕೊಳವೆ ನಮ್ಮ ಬಜಾರದಲ್ಲಿದೆ.

ಮನೆಮದ್ದೆಲ್ಲ ಸೌಮ್ಯ ಎನ್ನುವಂತಿಲ್ಲ. ಇಂಡಿಯ ಲಿಂಬೆ ನಾಡಿಗೆಲ್ಲ ಹೆಸರುವಾಸಿ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಠಿಕಾಣಿಯೂ ಅಲ್ಲೇ. ಉಪ್ಪಿನಕಾಯಿಗೆ ಅದಕ್ಕಿಂತ ಬೇರೆ ಬೇಡ. ಆದರೆ ಅದನ್ನು ಹೋಳು ಮಾಡಿ ಮುಖಕ್ಕೆ ತಿಕ್ಕಿಕೊಂಡು ಬಿಸಿಲಿಗೆ ಹೋದರೆ ರಸದೊಳಗಿನ ಕೆಲವು ವಸ್ತುಗಳು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಡುತ್ತವೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬೆಳ್ಳಗಾಗಲು ಹೋಗಿ ಕಪ್ಪಾಗುವ ದಾರಿ. ಭೂಮಧ್ಯರೇಖೆಯಿಂದ 17 ಡಿಗ್ರಿಯೂ ದೂರವಿಲ್ಲದ ಊರಿದು. ಜನವರಿಯ ಬಿಸಿಲು ಹಿತವೆನಿಸಿದರೂ ಅದರ ಅತಿನೇರಳೆ ಕಿರಣ ರಜೆ ಹಾಕಿರುವುದಿಲ್ಲ.

ಮಕ್ಕಳ ಕೆನ್ನೆಯ ಮೇಲೆ ಚಳಿಗಾಲದಲ್ಲಿ ತಿಳಿಬಿಳಿ ಮಚ್ಚೆ ಏಳುತ್ತವೆ. ಹೊಟ್ಟೆಯಲ್ಲಿ ಜಂತು ಎನ್ನುವವರಿದ್ದಾರೆ, ತೊನ್ನು ಎಂದು ಹೆದರಿ ಕೂಸನ್ನು ಮುಚ್ಚಿಡುವವರಿದ್ದಾರೆ. ಬಹಳ ಸಲ ಅದು ಬರೀ ಒಣ ಚರ್ಮದ ಮಚ್ಚೆ. ಜಿಡ್ಡು ಹಚ್ಚುತ್ತ ಹೋದರೆ ತಿಂಗಳುಗಳಲ್ಲಿ ಮಾಸುತ್ತದೆ. ತಲೆಹೊಟ್ಟು ಇದಕ್ಕೆ ತದ್ವಿರುದ್ಧ. ಎಣ್ಣೆ ತಿಂದು ಬೆಳೆಯುವ ಶಿಲೀಂಧ್ರದ ಕೈವಾಡವದು. ಹೊಟ್ಟು ಹೆಚ್ಚಿತೆಂದು ಎಣ್ಣೆ ಸುರಿದರೆ ಹೆಚ್ಚುವುದು ಹೊಟ್ಟೇ. ಕೀಟೊಕೊನಜೋಲ್ ಶಾಂಪೂ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು ಸರಿ.

ಉಡುಗೆಗೆ ಬಂದರೆ, ಬೆಳಗಿನ ಹತ್ತು ಡಿಗ್ರಿಗೂ ಮಧ್ಯಾಹ್ನದ ಮೂವತ್ತಕ್ಕೂ ಹೊಂದುವ ಒಂದೇ ಬಟ್ಟೆ ಎಲ್ಲೂ ಇಲ್ಲ. ಹಾಕುವುದು ತೆಗೆಯುವುದು ಸುಲಭವಿರಬೇಕು. ಆ ಲೆಕ್ಕಕ್ಕೆ ಕುರುಬರು ದಖ್ಖನಿ ಕುರಿಯ ಉಣ್ಣೆಯಿಂದ ನೇಯುವ, ಹುಣಸೆ ಬೀಜದ ಗಂಜಿ ಉಣಿಸಿದ ಕಂಬಳಿಯನ್ನು ಮೀರಿಸಿದ್ದು ಬಂದಿಲ್ಲ. ನಸುಕಿನಲ್ಲಿ ಹೊದ್ದರೆ ಚಳಿ ತಡೆಯುತ್ತದೆ, ಬಿಸಿಲೇರಿದರೆ ಮಡಚಿ ಹೆಗಲಿಗೆ, ಉಣ್ಣುವಾಗ ಹಾಸಲಿಕ್ಕೆ. ಚುಚ್ಚುತ್ತದೆಂಬ ದೂರು ನಿಜ. ಒಳಗೆ ಹತ್ತಿಯ ತುಂಬುತೋಳಿನ ಅಂಗಿ ಇದ್ದರೆ ಚುಚ್ಚುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗ ಕಂಬಳಿ ಹೊದ್ದು ಹೋಗುವುದಿಲ್ಲ, ಅವನಿಗೆ ಸ್ವೆಟರ್ ಬೇಕು. ಮುಂಡಗೋಡ, ಬೈಲಕುಪ್ಪೆಯ ಟಿಬೆಟನ್ ಶಿಬಿರಗಳವರು ರಾಜ್ಯದ ಊರೂರಿಗೆ ಚಳಿಗಾಲದಲ್ಲಿ ಲುಧಿಯಾನದ ಮಾಲು ತಂದು ಮಾರುವುದು ಹಳೆಯ ವಾಡಿಕೆ. ಅಗ್ಗದ ಸ್ವೆಟರುಗಳು ಬಹುಪಾಲು ಅಕ್ರಿಲಿಕ್. ಒಣ ಹವೆಯಲ್ಲಿ ಚಟಪಟ ಎಂದು ಕಿಡಿ ಹಾರಿಸುತ್ತವೆ, ಎರೆಮಣ್ಣಿನ ಧೂಳನ್ನು ಎಳೆದುಕೊಳ್ಳುತ್ತವೆ. ಎಷ್ಟು ದುಡ್ಡು ಕೊಟ್ಟು ತಂದರೂ ಗಾಢ ಬಣ್ಣದ ಅಕ್ರಿಲಿಕ್ ಇಲ್ಲಿ ಸಂಜೆಗೆ ಮಾಸಿದಂತೆ ಕಾಣುತ್ತದೆ. ತೋಳಿಲ್ಲದ ಜಾಕೀಟು ವಾಸಿ, ಮುದುಕರ ಧೋತರದ ಮೇಲೂ ಹುಡುಗರ ಜೀನ್ಸಿನ ಮೇಲೂ ಒಪ್ಪುತ್ತದೆ.

ಹೆಣ್ಣುಮಕ್ಕಳ ಇಳಕಲ್ ಸೀರೆ ತಾನೇ ಒಂದು ಬೆಚ್ಚಗಿನ ಉಡುಗೆ. ಹತ್ತಿಯ ಒಡಲು, ರೇಷ್ಮೆಯ ಸೆರಗು, ತಲೆಯ ಮೇಲೆ ಹೊದ್ದರೆ ಕಿವಿಗೂ ಕೊರಳಿಗೂ ಗಾಳಿ ಸೋಕುವುದಿಲ್ಲ. ಒಳಗೆ ಗುಳೇದಗುಡ್ಡದ ಖಣದ ಕುಬಸ, ಮೇಲೆ ಬೇಕಾದರೆ ಸೊಲ್ಲಾಪುರದ ಚಾದರ. ಎಲ್ಲವೂ ಆಸುಪಾಸಿನ ಮಗ್ಗದ್ದೇ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಬರುವ ಮಂದಿಯಲ್ಲಿ ಈ ಜೋಡಣೆಯನ್ನು ಇನ್ನೂ ಕಾಣಬಹುದು, ಚಳಿಗಾಲದ ನಿಜವಾದ ಫ್ಯಾಶನ್ ಶೋ ಅದೇ. ಹೊಲಕ್ಕೆ ಹೋಗುವವರದು ಬೇರೆ ಉಡುಗೆ. ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಮುಖಕ್ಕೆ ಟವೆಲ್ ಸುತ್ತಿಕೊಂಡಿರುತ್ತಾರೆ. ಚಳಿ, ಬಿಸಿಲು, ಧೂಳು, ಸುಂಕು ನಾಲ್ಕನ್ನೂ ಒಂದೇ ಏಟಿಗೆ ತಡೆಯುವ ಈ ಉಡುಗೆಯನ್ನು ಯಾವ ಪತ್ರಿಕೆಯ ಸೌಂದರ್ಯ ಪುಟವೂ ಈವರೆಗೆ ಹೊಗಳಿದ್ದಿಲ್ಲ.

ಇದರ ಮಗ್ಗುಲಲ್ಲೇ ಇನ್ನೊಂದು ಲೆಕ್ಕವಿದೆ. ನಮ್ಮ ಕಡೆಯ ಗಂಡಸರ ಠಾಕುಠೀಕೆಂದರೆ ಬೆಳ್ಳನೆ ಧೋತರ, ಗಂಜಿ ಹಾಕಿದ ಅಂಗಿ, ಗಾಂಧಿ ಟೋಪಿ. ಗಡಸು ನೀರಿನಲ್ಲಿ ಬಿಳಿ ಬಟ್ಟೆ ಬೂದಿಗೆ ತಿರುಗುತ್ತದೆ. ಅದಕ್ಕೆ ಬಟ್ಟೆಸೋಡಾ ಹಾಕಿ ನೆನೆಸುತ್ತಾರೆ. ಸೋಡಾ ಕ್ಯಾಲ್ಸಿಯಂ ಅನ್ನು ತಳಕ್ಕಿಳಿಸುತ್ತದೆ, ಬಟ್ಟೆ ಹಾಲಿನಂತಾಗುತ್ತದೆ. ಆ ಕ್ಷಾರದಲ್ಲಿ ತಾಸುಗಟ್ಟಲೆ ಅದ್ದಿದ ಕೈ ಮಾತ್ರ ಗರಗಸವಾಗುತ್ತದೆ. ಅದೇ ಕೈ ಮರುದಿನ ಕಡಲೆ ಹೊಲದಲ್ಲಿ ಪಲ್ಲೆ ಚಿವುಟುತ್ತದೆ. ಕಡಲೆ ಗಿಡದ ಮೈತುಂಬ ಇಬ್ಬನಿಯೊಡನೆ ಹುಳಿ ಇರುತ್ತದೆ, ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಒಡೆದ ಬೆರಳಿಗೆ ಅದು ತಾಗಿದ ಉರಿ ಏನೆಂದು ಪಲ್ಲೆ ಉಂಡವರಿಗೆ ತಿಳಿಯುವುದಿಲ್ಲ. ಬಟ್ಟೆ ಒಗೆಯುವ ಮುಂಚೆ ಕೈಗೆ ದಪ್ಪಗೆ ವ್ಯಾಸಲೀನ್ ಹಚ್ಚಿಕೊಳ್ಳುವುದು, ಸಾಧ್ಯವಿದ್ದರೆ ರಬ್ಬರ್ ಕೈಗವಸು. ಧೋತರ ಉಡುವವರು ತಾವೇ ಒಗೆದುಕೊಂಡರೆ ಇನ್ನೂ ಒಳ್ಳೆಯದು.

ಹಿಮ್ಮಡಿ ಎಲ್ಲಕ್ಕಿಂತ ಮೊಂಡು. ಅಂಗಾಲಿನಲ್ಲಿ ಜಿಡ್ಡಿನ ಗ್ರಂಥಿಗಳೇ ಇಲ್ಲ, ಚರ್ಮ ದಪ್ಪ, ಮೈಭಾರವೆಲ್ಲ ಅದರ ಮೇಲೆ. ಬರಿಗಾಲಿನಲ್ಲಿ ಬಿರಿದ ಎರೆಹೊಲ ತುಳಿದರೆ ನೆಲದ ಹಾಗೆಯೇ ಕಾಲೂ ಸೀಳುತ್ತದೆ. ಕಲ್ಲಿಗೆ ಉಜ್ಜುವುದು, ಮೇಣ ಕಾಸಿ ಎಣ್ಣೆ ಬೆರೆಸಿ ಬಿರುಕಿಗೆ ತುಂಬುವುದು ಹಳೆಯ ರೂಢಿ. ಉಜ್ಜುವುದು ಹದವಾಗಿದ್ದರೆ ಸರಿ, ಮೇಣವೂ ನೀರು ತಡೆಯುತ್ತದೆ. ಆದರೆ ಗಟ್ಟಿಯಾದ ಚರ್ಮವನ್ನು ಮೆದು ಮಾಡುವ ಗುಣ ಅದಕ್ಕಿಲ್ಲ. ಅದಿರುವುದು ಯೂರಿಯಾಕ್ಕೆ. ಹೌದು, ಗೊಬ್ಬರದಂಗಡಿಯಲ್ಲಿ ಚೀಲಗಟ್ಟಲೆ ಬರುವ ಅದೇ ರಾಸಾಯನಿಕ. ಔಷಧಿ ಅಂಗಡಿಯಲ್ಲಿ ಶುದ್ಧ ರೂಪದಲ್ಲಿ, ನೂರಕ್ಕೆ ಹತ್ತರಿಂದ ಇಪ್ಪತ್ತೈದರ ಪ್ರಮಾಣದಲ್ಲಿ, ಕಾಲಿನ ಮುಲಾಮಾಗಿ ಸಿಗುತ್ತದೆ. ಚೀಲದಿಂದ ತೆಗೆದು ಎಣ್ಣೆಗೆ ಕಲಸುವ ಸಾಹಸ ಯಾರೂ ಮಾಡಬಾರದು. ಹಗಲು ಹಚ್ಚಿದರೆ ಧೂಳು ಮೆತ್ತುತ್ತದೆ, ರಾತ್ರಿಯೇ ಸರಿ: ಊಟವಾದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟು, ಒರೆಸಿ, ಮುಲಾಮು ಹಚ್ಚಿ, ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ಹೊಲಕ್ಕೆ ಹಿಂಬದಿ ಮುಚ್ಚಿದ ಚಪ್ಪಲಿಯೋ ಹಳೆಯ ಬೂಟೋ ಇರಲಿ. ಬಿರುಕಿನಲ್ಲಿ ರಕ್ತ ಬರುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ ಮುಲಾಮಿನ ಮಾತು ಬಿಟ್ಟು ದವಾಖಾನೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಎಷ್ಟೋ ಸಲ ಇಂಥದೊಂದು ಬಿರುಕಿನಿಂದಲೇ ಶುರುವಾಗುತ್ತದೆ, ನೋವು ಗೊತ್ತಾಗದೆ ಇರುವುದರಿಂದ ತಡವಾಗಿ ಕಣ್ಣಿಗೆ ಬೀಳುತ್ತದೆ.